ತವರಿಗೆ ಹೋದ ಹೊಲ

ಸೊಸೆ ತವರಿಗೆ ಹೋದರೆ ಯಾರ ಮನೆಯಲ್ಲೂ ಅದು ಸುದ್ದಿಯಲ್ಲ. ನನ್ನ ಸೊಸೆ ರೇಣವ್ವ ಹೋದ ಮೇಲೆ ಅವಳ ಬೆನ್ನು ಹತ್ತಿ ನಮ್ಮ ಹೊಲವೂ ಹೊರಟುಹೋಯಿತಲ್ಲ, ಅದು ಸುದ್ದಿಯಾಯಿತು. ಇದರಲ್ಲಿ ಹೊಲದ ತಪ್ಪೇನೂ ಇಲ್ಲ, ಸೊಸೆಯದೂ ಇಲ್ಲ. ತಪ್ಪೆಲ್ಲ ನಾನು ಹೆತ್ತ ಮಗ ದ್ಯಾಮಣ್ಣನ ಬಿಳಿ ಅಂಗಿಯದು. ಅದನ್ನು ಮೊದಲಿಂದ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ.

ನಮ್ಮೂರಿನ ಹೊಲಗಳು ದುಡಿದವರ ಹಿಂದೆ ಹೋಗುತ್ತವೆ. ಹೀಗಾಗಿ ನಮ್ಮಲ್ಲಿ ಕೆಲವು ರೀತಿ ರಿವಾಜು ಇವೆ. ಹುಡುಗಿಗೆ ಗಂಡು ಗೊತ್ತಾದ ಕೂಡಲೇ ಅವಳನ್ನು ಹೊಲಕ್ಕೆ ಕಳಿಸುವುದು ನಿಲ್ಲಿಸುತ್ತಾರೆ. ಬಿಸಿಲಿಗೆ ಬಣ್ಣ ಕೆಡುತ್ತದೆ ಎಂದು ಬೀಗರ ಮುಂದೆ ಹೇಳುತ್ತಾರೆ; ಮದುವೆಯ ದಿಬ್ಬಣದ ಹಿಂದೆ ಅಪ್ಪನ ಹೊಲ ಹೊರಟರೆ ಏನು ಗತಿ ಎಂಬುದು ಒಳಗಿನ ಮಾತು. ಬಸ್ಸಿನ ಕಂಡಕ್ಟರು ಹೆಂಗಸರು ಹತ್ತಿದ ಮೇಲೆ ಹಿಂದಿನ ಗಾಜಿನಿಂದ ಒಮ್ಮೆ ಇಣುಕಿ ನೋಡಿಯೇ ಸೀಟಿ ಊದುತ್ತಾನೆ. ಇನ್ನು ಬೆದರುಗೊಂಬೆ. ತವರಿಗೆ, ಬಾಣಂತನಕ್ಕೆ, ಆಸ್ಪತ್ರೆಗೆ, ಎಲ್ಲಿಗೆ ಹೊರಟರೂ ಹೆಂಗಸಾದವಳು ತನ್ನದೊಂದು ಹಳೆಯ ಸೀರೆಯನ್ನು ಹೊಲದ ಬೆದರುಗೊಂಬೆಗೆ ಉಡಿಸಬೇಕು. ಸೆರಗು ಸಿಕ್ಕಿಸಿ, ಹೊಲಕ್ಕೆ ಕೇಳಿಸುವ ಹಾಗೆ ಒಮ್ಮೆ ಕೆಮ್ಮಿ, ಆಮೇಲೆ ಸದ್ದಿಲ್ಲದೆ ಬದು ಇಳಿದು ಹೋಗಬೇಕು. ಅವಳು ಇಲ್ಲೇ ಇದ್ದಾಳೆಂದು ನಂಬಿ ಹೊಲ ಸುಮ್ಮನೆ ಮಲಗಿರುತ್ತದೆ. ನಾನೂ ಹೀಗೇ ಮಾಡುತ್ತಿದ್ದೆ, ನನ್ನ ಅತ್ತೆಯೂ ಹೀಗೇ ಮಾಡುತ್ತಿದ್ದಳು.

ಗಂಡಸರ ನಂಬಿಕೆಯೇ ಬೇರೆ. ಅವರು ವರ್ಷಕ್ಕೊಮ್ಮೆ ಹೊಲದ ನಾಲ್ಕೂ ಮೂಲೆಗೆ ಗೂಟ ಬಡಿದು, ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ಹೊಲ ನಿಂತಿರುವುದು ಯಜಮಾನ ಬಡಿದ ಗೂಟದಿಂದ ಎಂದು ಅವರ ತಿಳುವಳಿಕೆ. ನಾವು ಯಾರೂ ಅಲ್ಲವೆನ್ನಲಿಲ್ಲ. ಒಂದು ಬೆಳಗಿನ ಕೆಲಸ, ಅಷ್ಟಕ್ಕೆ ವರ್ಷವೆಲ್ಲ ಖುಷಿಯಾಗಿರುತ್ತಾರೆ. ಉಳುವುದಕ್ಕೆ ಬಾಡಿಗೆ ಟ್ರ್ಯಾಕ್ಟರು ಬರುತ್ತದೆ. ಟ್ರ್ಯಾಕ್ಟರಿನ ಹಿಂದೆ ಯಾವ ಹೊಲವೂ ಹೋದದ್ದಿಲ್ಲ, ಅದರ ಹೊಗೆ ಅವಕ್ಕೆ ಆಗಿಬರುವುದಿಲ್ಲ.

ದ್ಯಾಮಣ್ಣ ಕೆಟ್ಟವನಲ್ಲ. ಹೆತ್ತವಳ ಮಾತೆಂದು ತಳ್ಳಿಹಾಕಬೇಡಿ. ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಆಗೊಂದು ಈಗೊಂದು ಬೀಡಿ ಬಿಟ್ಟರೆ ಅವನಿಗಿರುವುದು ಒಂದೇ ಚಟ, ಭಾಷಣ. ನಮ್ಮೂರ ಪ್ರಗತಿಪರ ರೈತರ ಸಂಘಕ್ಕೆ ಅವನು ಅಧ್ಯಕ್ಷ. ಸಂಘದ ಕೋಣೆ ಊರ ಅಗಸೆಬಾಗಿಲ ಹತ್ತಿರವಿದೆ. ಅದರ ಮುಂದೆ ಒಂದು ದೊಡ್ಡ ಬಯಲು, ಬಯಲಿನಲ್ಲಿ ಸಂಘದ ಬೋರ್ಡು, ಬಯಲು ದಾಟಿದರೆ ಚಹಾದಂಗಡಿ. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೋದನೆಂದರೆ ಮಧ್ಯಾಹ್ನದವರೆಗೆ ಮಣ್ಣಿನ ಸಾರದ ಬಗ್ಗೆ ಮಾತಾಡಿ ಮಾತಾಡಿ ದಣಿಯುತ್ತಿದ್ದ. ಊಟಕ್ಕೆ ಬಂದಾಗ ನಾನು ನೋಡುತ್ತಿದ್ದೆ, ಅಂಗಿಗೆ ಒಂದು ಚೂರು ಮಣ್ಣು ಹತ್ತಿರುತ್ತಿರಲಿಲ್ಲ. ಅದೇ ಹೊತ್ತಿಗೆ ರೇಣವ್ವ ಹೊಲದಿಂದ ಬಂದು ಕಾಲು ತೊಳೆದರೆ ಬಚ್ಚಲಿನಲ್ಲಿ ಕೆಸರು ಹರಿಯುತ್ತಿತ್ತು.

ಮಳೆಯ ವಿಷಯವನ್ನೂ ಹೇಳಬೇಕು. ನಾವು ಚಿಕ್ಕವರಿದ್ದಾಗ ಮಳೆಗಳಿಗೆ ಮಾನ ಮರ್ಯಾದೆ ಇತ್ತು. ರೋಹಿಣಿ ಬಂದು ಹೋದ ಮೇಲೆ ಮಿರಗ, ಮಿರಗ ಹೋದ ಮೇಲೆ ಆರಿದ್ರಾ. ಯಾರೂ ಯಾರ ಸರದಿಗೂ ಕೈ ಹಾಕುತ್ತಿರಲಿಲ್ಲ. ಈಗ ಯಾವ ಮಳೆ ಯಾವಾಗ ಬಂದೀತು ಎಂದು ಹೇಳುವುದು ಪಂಚಾಂಗದವರಿಗೂ ಆಗದ ಮಾತು. ಬಿತ್ತಲಿಕ್ಕೆ ಬಾ ಎಂದರೆ ಬರುವುದಿಲ್ಲ, ಕಣದಲ್ಲಿ ತೆನೆ ಹರವಿದ ದಿನ ಓಡಿ ಬರುತ್ತದೆ. ಬಂದರೂ ಒಂದೇ ಸಲ ಸುರಿದು, ಮತ್ತೆ ಬರುತ್ತೇನೆಂದು ಹೇಳದೇ ಹೋಗಿಬಿಡುತ್ತದೆ. ಆ ಒಂದು ಹಸಿಯಲ್ಲಿ ಬಿತ್ತಿದವರಿಗೆ ವರ್ಷದ ಊಟ ಉಂಟು, ತಪ್ಪಿದವರಿಗೆ ಇಲ್ಲ.

ಅದಕ್ಕೇ ಆ ಜಗಳವಾದದ್ದು. ರೇಣವ್ವನ ತಮ್ಮ ಮೈಲಾರಿಗೆ ಗಂಡು ಮಗುವಾಗಿತ್ತು, ಹೆಸರಿಡುವುದಕ್ಕೆ ಅವಳು ತವರಿಗೆ ಹೋಗಬೇಕಿತ್ತು. ಹಿಂದಿನ ದಿನ ರೊಟ್ಟಿ ತಿನ್ನುತ್ತ ದ್ಯಾಮಣ್ಣ ಘೋಷಣೆ ಮಾಡಿದ: "ಈ ಸಲ ನಿನ್ನ ಕಾಳುಕಡಿ ಕಲಸುಮೇಲೋಗರ ಬ್ಯಾಡ. ಇಡೀ ಹೊಲಕ್ಕ ಗೋವಿನಜ್ವಾಳ. ಸಂಘದವ್ರೆಲ್ಲ ಅದನ್ನ ಹಾಕಾಕತ್ತಾರ, ಅಧ್ಯಕ್ಷನ ಹೊಲದಾಗ ಇಲ್ಲಂದ್ರ ಹೆಂಗ?"

ರೇಣವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಕೇಳಿದಳು: "ನಡುವ ಮಳಿ ಕೈ ಕೊಟ್ರ? ಒಣಗಿ ನಿಂತ ದಂಟು ನೋಡ್ಕೋತ ಕುಂದ್ರೂನೇನ್ರಿ? ಜ್ವಾಳ ಹೋದ್ರ ನವಣಿ ಇರತೈತಿ, ನವಣಿ ಹೋದ್ರ ಮಡಕಿಕಾಳು ಇರತೈತಿ. ಏನೂ ಇಲ್ಲಂದ್ರ ಸಾಲಿನಾಗ ಪುಂಡಿಪಲ್ಯಾ ಆದ್ರೂ ಇರತೈತಿ."

"ಹೊಲ ಯಾರದು?" ಎಂದ ದ್ಯಾಮಣ್ಣ.

"ಅದನ್ನ ನನಗ್ಯಾಕ ಕೇಳ್ತೀರಿ, ಹೊಲಕ್ಕ ಕೇಳ್ರಿ," ಎಂದಳು ಅವಳು.

ನಾನು ರೊಟ್ಟಿ ಬಡಿಯುವ ಸದ್ದು ಜೋರು ಮಾಡಿದೆ. ಗಂಡ ಹೆಂಡತಿಯ ನಡುವೆ ಅತ್ತೆಯಾದವಳು ಮಾತಾಡಿದರೂ ತಪ್ಪು, ಆಡದಿದ್ದರೂ ತಪ್ಪು. ರೊಟ್ಟಿ ಬಡಿದರೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ.

ಮರುದಿನ ಅವಳು ತನ್ನ ಹಸಿರು ಸೀರೆಯನ್ನು ಬೆದರುಗೊಂಬೆಗೆ ಉಡಿಸಿ, ಕೆಮ್ಮಿ, ಹೊರಟುಹೋದಳು. ಹೋಗುವಾಗ ಅಡಿಗೆಮನೆಯ ತೊಲೆಗೆ ತೂಗುಬಿಟ್ಟಿದ್ದ ಸೋರೆ ಬುರುಡೆಗಳನ್ನು ನನಗೆ ತೋರಿಸಿದಳು. ಬೂದಿ ಬೆರೆಸಿ ಬಾಯಿ ಕಟ್ಟಿಟ್ಟ ಬಿತ್ತನೆಯ ಕಾಳು ಅದರಲ್ಲಿತ್ತು. "ಅತ್ತಿ, ಇವನ್ನ ನೋಡ್ಕೋರಿ," ಎಂದಳು, ಅಷ್ಟೇ. ಅವಳು ಅಗಸೆ ದಾಟಿದಳೋ ಇಲ್ಲವೋ, ದ್ಯಾಮಣ್ಣ ಬಂದು "ಯವ್ವಾ, ಆ ಬುರುಡಿ ಇಳಿಸಿ ಹಿಟ್ಟು ಮಾಡಿಸಿಬಿಡು, ಇನ್ನ ಅವು ಯಾಕ ಬೇಕು," ಎಂದ. ಆಗಲಿ ಎಂದೆ. ಇಳಿಸಿ ನನ್ನ ಹಾಸಿಗೆಯ ಸುರುಳಿಯೊಳಗೆ ಇಟ್ಟೆ. ಹಾಸಿಗೆ ಮಡಿಸುವುದು ಎಂದರೇನೆಂದು ನನ್ನ ಮಗನಿಗೆ ಗೊತ್ತಿಲ್ಲದ ಕಾರಣ ಅಲ್ಲಿ ಅವು ಸುರಕ್ಷಿತವಾಗಿದ್ದವು.

ಆಗ ಬಂತು ನೋಡಿ, ಅಂಗಿಯ ಪ್ರಸಂಗ. ಸಂಘದ ಕೆಲಸ ನೋಡಲು ಪಟ್ಟಣದಿಂದ ಒಬ್ಬ ಸಾಹೇಬರು ಬರುತ್ತಾರೆ, ಅಧ್ಯಕ್ಷರ ಹೊಲದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ ಎಂದು ಸುದ್ದಿ ಬಂತು. ದ್ಯಾಮಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಲ ನೋಡಿಬಂದವನೇ ಮುಖ ಹುಳ್ಳಗೆ ಮಾಡಿಕೊಂಡು, "ಪ್ರಗತಿಪರ ರೈತನ ಹೊಲದಾಗ ಹರಕು ಸೀರಿ ನಿಂತ್ರ ಫೋಟೋದಾಗ ಹೆಂಗ ಕಾಣತೈತಿ ಹೇಳು," ಎಂದ.

"ಅದು ರೇಣವ್ವನ ಸೀರಿ. ಮುಟ್ಟಬ್ಯಾಡಪಾ," ಎಂದೆ.

"ಯವ್ವಾ, ಹೊಲಕ್ಕ ಯಜಮಾನನ ಗುರ್ತಾ ಇಲ್ಲಂತ ತಿಳದೀ ಏನು?"

ಅವನು ಸೀರೆ ಬಿಚ್ಚಿ ತಂದು ಮನೆಯ ಗೂಟಕ್ಕೆ ಎಸೆದ. ಬೆದರುಗೊಂಬೆಗೆ ತನ್ನದೇ ಬಿಳಿ ಅಂಗಿ ತೊಡಿಸಿದ, ತಲೆಗೆ ಪಟಗ ಸುತ್ತಿದ, ಹೋದ ವರ್ಷ ಸನ್ಮಾನದಲ್ಲಿ ಬಂದ ಶಾಲನ್ನು ಹೊದಿಸಿದ. ಸಂಜೆಯ ತನಕ ಅದರ ಸುತ್ತ ತಿರುಗಿ ಅಂದ ನೋಡಿದ. ಹೊಲವೂ ನೋಡಿರಬೇಕು.

ಬೆಳಿಗ್ಗೆ ಡೊಳ್ಳು ಬಡಿಸುತ್ತ ಸಾಹೇಬರನ್ನು ಕರೆದುಕೊಂಡು ಸಂಘದವರೆಲ್ಲ ಹೊರಟರು. ನೀರು, ಬೆಲ್ಲ ಹಿಡಿದುಕೊಂಡು ನಾನೂ ಹಿಂದೆ ನಡೆದೆ. ಹೊಲವಿದ್ದ ಜಾಗದಲ್ಲಿ ಹೊಲವಿರಲಿಲ್ಲ. ಒಂದಾಳು ಆಳದ ಚೌಕನೆಯ ಗುಂಡಿ, ನಾಲ್ಕು ಮೂಲೆಯಲ್ಲಿ ನಾಲ್ಕು ಗೂಟ, ಗುಂಡಿಯ ನಟ್ಟನಡುವೆ ಪಟಗ ಸುತ್ತಿಕೊಂಡು ಒಬ್ಬನೇ ನಿಂತ ಬೆದರುಗೊಂಬೆ. ಡೊಳ್ಳಿನವರು ನಿಲ್ಲಿಸುವುದನ್ನೂ ಮರೆತು ಬಡಿಯುತ್ತಲೇ ಇದ್ದರು. ಸಾಹೇಬರು ದೂರದಿಂದ ಗೊಂಬೆಗೆ ಕೈ ಮುಗಿದು, "ಅಧ್ಯಕ್ಷರು ಆಗಲೇ ಬಂದು ನಿಂತಿದ್ದಾರೆ," ಎಂದರು. ಪಕ್ಕದಲ್ಲಿದ್ದ ನಿಜವಾದ ಅಧ್ಯಕ್ಷನ ಬಾಯಿ ತೆರೆದದ್ದು ಮುಚ್ಚಿರಲಿಲ್ಲ. ಆಮೇಲೆ ಅವರು ಗುಂಡಿಯ ಸುತ್ತ ಒಂದು ಸುತ್ತು ಬಂದರು. "ಕೃಷಿ ಹೊಂಡ! ಇಷ್ಟು ದೊಡ್ಡ ಕೃಷಿ ಹೊಂಡವನ್ನು ನಾನು ಎಲ್ಲೂ ನೋಡಿಲ್ಲ. ಇಡೀ ಹೊಲವನ್ನೇ ಹೊಂಡ ಮಾಡಿದ್ದೀರಿ!" ಎಂದು ದ್ಯಾಮಣ್ಣನ ಕೈ ಹಿಡಿದು ಕುಲುಕಿದರು.

"ಹೌದ್ರಿ ಸರ," ಎಂದ ನನ್ನ ಮಗ. ಪಾಪ, ಬೇರೆ ಏನು ತಾನೇ ಹೇಳಿಯಾನು? ಫೋಟೋದಲ್ಲಿ ಅವನು ನಗುತ್ತಲೇ ಇದ್ದಾನೆ. ನೋಡಿದರೆ ಈಗಲೂ ನನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬರುತ್ತದೆ.

ಸಾಹೇಬರು ಹೋದ ಮೇಲೆ ವಿಚಾರಿಸಿದರೆ, ಹಾಲು ಹಾಕುವವನು ಹೇಳಿದ: "ನಿಮ್ಮ ಹೊಲ ಮೂಡಲ ಹರಿಯೂ ಹೊತ್ತಿಗೆ ಈ ಹಾದಿಲೇ ಹೋತು. ಎಲ್ಲಿಗಂತ ಕೇಳಿದ್ನಿ. ಒಂದು ಮಾತೂ ಆಡಲಿಲ್ಲ, ಭಾಳ ಅವಸರದಾಗಿತ್ತು." ಹಾದಿಯ ಉದ್ದಕ್ಕೂ ಕರಿಮಣ್ಣು ಉದುರಿತ್ತು. ಅದು ನೇರವಾಗಿ ರೇಣವ್ವನ ತವರಿನ ಕಡೆಗೆ ಹೋಗಿತ್ತು.

ದ್ಯಾಮಣ್ಣ ಹೊಲದ ಪಹಣಿ ಕಾಗದವಾದ ಉತಾರ, ಹಗ್ಗ, ಮತ್ತೆ ಗೂಟಕ್ಕೆ ಎಸೆದಿದ್ದ ಆ ಹಸಿರು ಸೀರೆಯನ್ನು ಗಂಟು ಕಟ್ಟಿಕೊಂಡು, ಗಾಡಿಯ ಎತ್ತುಗಳನ್ನು ಹೊಡೆದುಕೊಂಡು ಹೊರಟ. ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಆದರೆ ಕಂಡವರು ಬಹಳ ಜನ, ಅವರಲ್ಲಿ ಯಾರೂ ಬಾಯಿಗೆ ಬೀಗ ಹಾಕಿಕೊಂಡವರಲ್ಲ. ಹೊಲ ಮೈಲಾರಿಯ ಮನೆಯ ಮುಂದಿನ ಗೋಮಾಳದಲ್ಲಿ ಕಾಲು ಚಾಚಿ ಮಲಗಿತ್ತಂತೆ. ಅದರ ಬದುವಿನ ಮೇಲೆ ಮೈಲಾರಿ ಚಹಾ ಕುಡಿಯುತ್ತ ಕೂತಿದ್ದನಂತೆ.

"ಬಾ ಮಾವ. ನಿನ್ನ ಹೊಲ ತಾನಾಗೇ ಬಂದೈತಿ ನೋಡು. ನಾನೇನು ಕರಿಯಾಕ ಹೋಗಿದ್ದಿಲ್ಲ. ನಮ್ಮ ಅಂಗಳಕ್ಕ ಬಂದ ಮ್ಯಾಲೆ ಹೋಗಂತ ಅನ್ನಾಕ ಬರತೈತೇನು? ಹತ್ತಿ ಹಾಕಬೇಕಂತ ಮಾಡೀನಿ," ಎಂದ ಮೈಲಾರಿ.

ದ್ಯಾಮಣ್ಣ ಉತಾರ ಬಿಚ್ಚಿ ಹೊಲದ ಮುಂದೆ ನಿಂತು ಗಟ್ಟಿಯಾಗಿ ಓದಿದನಂತೆ: ಸರ್ವೆ ನಂಬರು, ಚಕಬಂದಿ, ಕಬ್ಜೆದಾರನ ಹೆಸರು, ತಂದೆಯ ಹೆಸರು. ಭಾಷಣದ ಧಾಟಿಯಲ್ಲೇ ಓದಿರಬೇಕು, ಏಕೆಂದರೆ ಹೊಲಕ್ಕೆ ನಿದ್ದೆ ಹತ್ತಿತಂತೆ. ಆಮೇಲೆ ಹಗ್ಗ ಬಿಗಿದು ಎತ್ತು ಹೂಡಿ ಎಳೆಸಿದ. ಎತ್ತುಗಳಿಗೆ ಆ ಹೊಲ ಪರಿಚಯದ್ದು, ಅವು ಮೇಯಲಿಕ್ಕೆ ಒಳಗೆ ಹೋದವು. ಕೊನೆಗೆ ಅವನು ಮಾಡಿದ್ದನ್ನು ಹೇಳಲಿಕ್ಕೆ ತಾಯಿಯಾದ ನನಗೆ ನಾಚಿಕೆ, ಆದರೂ ಹೇಳುತ್ತೇನೆ. ಗೋಡೆಯ ಮರೆಗೆ ಹೋಗಿ ಹೆಂಡತಿಯ ಹಸಿರು ಸೀರೆ ಉಟ್ಟು, ಸೆರಗು ಹೊದ್ದು, ಕುಡಗೋಲು ಹಿಡಿದು, ಒಮ್ಮೆ ಕೆಮ್ಮಿ, ಹೊಲದ ಮುಂದಿನಿಂದ ಹಾದು ನಮ್ಮೂರ ಹಾದಿ ಹಿಡಿದ. ಮೀಸೆಯ ಮೇಲೆ ಸೆರಗು ಎಳೆದುಕೊಂಡಿದ್ದನಂತೆ. ಮತ್ತೆ, ನಂಬಿ, ಹೊಲ ಎದ್ದಿತು! ಅವನ ಹಿಂದೆ ನಡೆಯಿತು! ಮೈಲಾರಿಯ ಕೈಯ ಚಹಾ ಚೆಲ್ಲಿತು. ಹಳ್ಳದ ತನಕ ಎಲ್ಲ ಸರಿಯಾಗಿಯೇ ನಡೆದಿತ್ತು. ಅಲ್ಲಿ ಒಂದು ಬೇವಿನ ಮರ. ನನ್ನ ಮಗನಿಗೆ ದಣಿವಾಯಿತು. ನೆರಳಿಗೆ ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡು, ಒಂದು ಬೀಡಿ ಹಚ್ಚಿದ. ಹೊಲ ಗಕ್ಕನೆ ನಿಂತಿತು. ತನ್ನ ಒಡತಿ ಹೊತ್ತು ನೆತ್ತಿಗೆ ಬರುವ ಮುಂಚೆ ಕೂತದ್ದನ್ನು ಆ ಹೊಲ ಎಂದೂ ಕಂಡಿರಲಿಲ್ಲ. ತಿರುಗಿದ್ದೇ ಮೈಲಾರಿಯ ಮನೆಗೆ ಓಡಿತು.

ಇತ್ತ ರೇಣವ್ವ ಏನು ಮಾಡುತ್ತಿದ್ದಳು ಎಂದರೆ, ಏನೂ ಮಾಡುತ್ತಿರಲಿಲ್ಲ. ತಮ್ಮ ಬಂದು ಹತ್ತಿ ಬಿತ್ತೋಣ ಅಕ್ಕ ಎಂದ, ಇಲ್ಲವೆಂದಳು. ಗಂಡ ಬಂದು ಹೊಲ ಹೊಡೆದುಕೊಂಡು ಬಾ ಎಂದ, ಇಲ್ಲವೆಂದಳು. ಬಾಣಂತಿಯ ಹತ್ತಿರ ಕೂತು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಮೈಲಾರಿಯ ಸ್ವಂತ ಹೊಲವೂ ಆ ದಿನಗಳಲ್ಲಿ ಹಿತ್ತಲ ಬಾಗಿಲಿಗೆ ಬಂದು ಬಾಣಂತಿಯನ್ನು ಇಣುಕಿ ನೋಡಿ ಹೋಗುತ್ತಿತ್ತಂತೆ. ಮೈಲಾರಿಗೆ ಅದು ತಿಳಿದಿರಲಿಲ್ಲ.

ಮನೆಯಲ್ಲಿ ನಾನೊಬ್ಬಳೇ. ಗಾಳಿ ದಿಕ್ಕು ಬದಲಿಸಿತ್ತು. ಪಡುವಣದಲ್ಲಿ ಕರಿ ಮೋಡ ಒಟ್ಟಾಗುತ್ತಿತ್ತು. ಹೊಲ ಒಂದೂರಲ್ಲಿ, ಬೀಜ ಇನ್ನೊಂದೂರಲ್ಲಿ, ಮಳೆ ಇವೆರಡರಲ್ಲಿ ಯಾವ ಊರಿಗೂ ಹೇಳಿಕೇಳಿ ಬರುವುದಲ್ಲ. ಹಿಟ್ಟಿನ ಡಬ್ಬಿ ತಳ ಕಂಡಿತ್ತು. ಈ ಹಸಿ ತಪ್ಪಿದರೆ ಬರುವ ವರ್ಷ ಒಲೆ ಯಾವುದಕ್ಕೆ ಹಚ್ಚಬೇಕು ಎಂದು ನೆನೆದು ನನಗೆ ನಿಜವಾಗಿ ಹೆದರಿಕೆಯಾಯಿತು. ಪಲ್ಯಕ್ಕಾದರೂ ಏನಾದರೂ ಸಿಕ್ಕೀತೆಂದು ಗುಂಡಿಯ ಕಡೆಗೆ ಹೋದೆ.

ಸಾಹೇಬರು ಬಂದ ದಿನದ ಗದ್ದಲದಲ್ಲಿ ನಾನು ಗಮನಿಸಿರಲಿಲ್ಲ, ಅಲ್ಲಿ ಮೂಡಣದ ಅಂಚಿಗೆ ಒಂದು ಕಂಬಳಿ ಹಾಸುವಷ್ಟು ನೆಲ ಉಳಿದಿತ್ತು. ಅದರ ಮೇಲೆ ನಾನು ಹಾಕಿದ ಪುಂಡಿ, ನಾನೇ ಹಬ್ಬಿಸಿದ ಹೀರೆಬಳ್ಳಿ, ಬದಿಗೆ ನಾನು ಕೂರುವ ಕಲ್ಲು. ಮೊಣಕಾಲು ಹಿಡಿದ ಮೇಲೆ ನಾನು ಹೋಗುತ್ತಿದ್ದದ್ದು ಆ ಮೂಲೆಯ ತನಕ ಮಾತ್ರ. ಇಡೀ ಹೊಲ ಎದ್ದುಹೋದಾಗ ಅದೊಂದು ಮೂಲೆ ಹೋಗಿರಲಿಲ್ಲ. ನಾನು ಊರಲ್ಲೇ ಇದ್ದೆನಲ್ಲ.

ನಾನು ಆ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಮದುವೆಯಾಗಿ ಬಂದಾಗಿನಿಂದ ಆ ಹೊಲವನ್ನು ಹರಗಿದ್ದೇನೆ, ಬಿತ್ತಿದ್ದೇನೆ, ಕಳೆ ಕಿತ್ತಿದ್ದೇನೆ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತೆನೆ ಮುರಿದಿದ್ದೇನೆ. ಮೊದಲು ಅದು ಮಾವನ ಹೊಲ, ಆಮೇಲೆ ಗಂಡನ ಹೊಲ, ಆಮೇಲೆ ಮಗನ ಹೊಲ. ಬಾಯಿ ತಪ್ಪಿ ಕೂಡ ನನ್ನ ಹೊಲ ಎಂದವಳಲ್ಲ. ನಾನು ಅನ್ನದಿದ್ದರೂ ಅದು ನನ್ನನ್ನು ನೆನಪಿಟ್ಟುಕೊಂಡಿತ್ತು. ಎಷ್ಟು ಸಂತೋಷವಾಯಿತೆಂದರೆ ಪುಂಡಿ ಕೀಳುವುದನ್ನೂ ಮರೆತೆ.

ಮನೆಗೆ ಬಂದು ಹಾಸಿಗೆ ಬಿಚ್ಚಿದೆ. ಬುರುಡೆಗಳನ್ನು ಬುಟ್ಟಿಯಲ್ಲಿ ಜೋಡಿಸಿ ತಲೆಯ ಮೇಲಿಟ್ಟುಕೊಂಡು ಹೊರಟೆ. ಅಗಸೆ ದಾಟಿ ಸ್ವಲ್ಪ ದೂರ ಹೋಗಿರಲಿಲ್ಲ, ಹಿಂದೆ ಸರಬರ ಸದ್ದು. ತಿರುಗಿದರೆ ನನ್ನ ಮೂಲೆ! ಪುಂಡಿ, ಹೀರೆಬಳ್ಳಿ, ಕೂರುವ ಕಲ್ಲು, ಎಲ್ಲ ಹೊತ್ತುಕೊಂಡು ಬರುತ್ತಿತ್ತು. ಪಾಪ, ಅದಕ್ಕೂ ಎಡಗಾಲು ಕುಂಟು. ನಾನು ನಿಂತರೆ ನಿಲ್ಲುತ್ತಿತ್ತು. ಮೊಣಕಾಲು ನೋವೆಂದು ನಾನು ಆ ಕಲ್ಲಿನ ಮೇಲೆಯೇ ಕೂತು ಸುಧಾರಿಸಿಕೊಂಡೆ. ಹಾದಿಯಲ್ಲಿ ಇಷ್ಟು ಅನುಕೂಲ ನನಗೆ ಯಾವ ಬಸ್ಸಿನಲ್ಲೂ ಸಿಕ್ಕಿಲ್ಲ.

ಹಳ್ಳದ ಬೇವಿನ ಮರದ ಕೆಳಗೆ ಒಬ್ಬಳು ಹೆಂಗಸು ಮೊಣಕಾಲ ಮೇಲೆ ತಲೆಯಿಟ್ಟು ಕೂತಿದ್ದಳು. ಯಾರವ್ವಾ ಎಂದೆ. ತಲೆಯೆತ್ತಿದಾಗ ಮೀಸೆ ಕಂಡಿತು.

"ಯವ್ವಾ," ಎಂದ ದ್ಯಾಮಣ್ಣ. ನನ್ನ ಹಿಂದೆ ನೋಡಿ ಅವನ ಕಣ್ಣು ದೊಡ್ಡವಾದವು. "ಇದು ಯಾರದು?"

"ನಂದು."

ಅವನು ಅದರ ಹತ್ತಿರ ಬಂದ. ಅಂಚಿಗೆ ಕೈ ಹಚ್ಚಿದ, ಅದು ಸ್ವಲ್ಪ ಸರಿದು ನನ್ನ ಕಡೆ ಬಂತು. "ಹಂಗಾದ್ರ ನಂದು ಎಲ್ಲಿ ಐತಿ?" ಎಂದ.

"ಎದ್ದು ನಾಕು ಹೆಜ್ಜಿ ನಡದು ತಿರುಗಿ ನೋಡು," ಎಂದೆ.

ಅವನು ಎದ್ದ. ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದ. ತಿರುಗಿ ನೋಡಿದ. ಧೂಳಿನ ಹಾದಿಯಲ್ಲಿ ಅವನ ಚಪ್ಪಲಿಯ ಗುರುತು ಬಿಟ್ಟರೆ ಏನೂ ಇರಲಿಲ್ಲ. ಇನ್ನೂ ಸ್ವಲ್ಪ ದೂರ ಹೋಗಿ ಮತ್ತೆ ತಿರುಗಿದ. ಸಂಘದ ಅಧ್ಯಕ್ಷ, ಉತಾರದಲ್ಲಿ ಹೆಸರಿರುವವನು, ಮುಟಿಗೆ ಮಣ್ಣೂ ಅವನ ಬೆನ್ನಿಗೆ ಬಂದಿರಲಿಲ್ಲ. ಬೈಯಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು. ಅವನು ವಾಪಸು ಬಂದು ನನ್ನ ತಲೆಯ ಮೇಲಿನ ಬುಟ್ಟಿಗೆ ಕೈ ಹಾಕಿದ. "ಕೊಡು, ನಾ ಹೊರತೀನಿ," ಎಂದ. ಬುರುಡೆಗಳನ್ನು ಕಂಡೂ ಬುಟ್ಟಿ ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡ.

ಮೈಲಾರಿಯ ಮನೆ ತಲುಪಿದಾಗ ಮೊದಲು ಓಡಿ ಬಂದದ್ದು ಹೊಲ. ನನ್ನ ಮೂಲೆ ಹೋಗಿ ತನ್ನ ಜಾಗಕ್ಕೆ ಅಂಟಿಕೊಂಡಿತು. ರೇಣವ್ವ ಹೊರಗೆ ಬಂದಳು. ಸೀರೆ ಉಟ್ಟ ಗಂಡ, ಅವನ ತಲೆಯ ಮೇಲೆ ಬೀಜದ ಬುಟ್ಟಿ, ಪಕ್ಕದಲ್ಲಿ ಕುಂಟುವ ಅತ್ತೆ. ಅವಳು ನಗಲಿಲ್ಲ, ಆದರೆ ನಗದಿರಲು ಬಹಳ ಕಷ್ಟಪಟ್ಟಳು.

"ಊರಿಗೆ ನಡಿ," ಎಂದ ದ್ಯಾಮಣ್ಣ. ಆಮೇಲೆ ಅದಕ್ಕೆ "ಏನು ಬಿತ್ತೂದು ನೀನ ಹೇಳು," ಎಂದು ಸೇರಿಸಿದ.

"ಅತ್ತಿ ತಂದದ್ದು ಬಿತ್ತೂದು. ಕಳೆ ತಗ್ಯಾಕ ನೀವೂ ಬರಬೇಕು. ಮತ್ತ ಉತಾರದಾಗ ನನ್ನ ಹೆಸರು, ಅತ್ತಿ ಹೆಸರು ಏರಬೇಕು."

ಅಷ್ಟರಲ್ಲಿ ಮೈಲಾರಿ ನಡುವೆ ಬಂದ. "ಅಕ್ಕಾ, ಹೊಲ ಹೆಂಗೂ ನಿನ್ನ ಹಿಂದ ಬರತೈತಿ. ಇನ್ನ ಹೆಸರು ಯಾಕ ಬೇಕು? ಹೊಲಕ್ಕ ಓದಾಕ ಬರತೈತೇನು?"

"ಹೊಲಕ್ಕ ಓದಾಕ ಬರಂಗಿಲ್ಲ. ನಿಮ್ಮಿಬ್ಬರಿಗೂ ಬರತೈತಲ್ಲ, ಅದಕ್ಕ," ಎಂದಳು ರೇಣವ್ವ. ಒಳಗಿನಿಂದ ಬಾಣಂತಿ ಗಟ್ಟಿಯಾಗಿ ಕೆಮ್ಮಿದಳು. ಹಿತ್ತಲಲ್ಲಿ ಏನೋ ಎದ್ದು ಕೂತ ಸದ್ದಾಯಿತು. ಮೈಲಾರಿಯ ಮುಖದ ಬಣ್ಣ ಇಳಿದುಹೋಯಿತು; ಅವನು ಮಾತು ಅಲ್ಲಿಗೇ ಬಿಟ್ಟು ಒಳಗೆ ಓಡಿದ.

ನಾವು ಹೊರಟೆವು. ರೇಣವ್ವ ಮುಂದೆ, ನಾನು ಹೊಲದ ಮೇಲೆ ನನ್ನ ಕಲ್ಲಿನಲ್ಲಿ, ದ್ಯಾಮಣ್ಣ ಬುಟ್ಟಿ ಹೊತ್ತು ಹಿಂದೆ. ಹಳ್ಳ ದಾಟುವಾಗ ಹನಿ ಬಿತ್ತು; ನಾವೂ ತೊಯ್ದೆವು, ಹೊಲವೂ ತೊಯ್ದಿತು. ಊರು ಕಂಡಾಗ ಮಳೆ ಆಗಲೇ ಅಲ್ಲಿ ಸುರಿದು ಮುಗಿಸಿತ್ತು. ನಮ್ಮ ಗುಂಡಿ ಅಂಚಿನ ತನಕ ತುಂಬಿ ನಿಂತಿತ್ತು, ಬೆದರುಗೊಂಬೆಯ ಪಟಗ ನೀರಿನ ಮೇಲೆ ತೇಲುತ್ತಿತ್ತು. ಹೊಲ ದಂಡೆಗೆ ಹೋಗಿ, ನೀರು ಮುಟ್ಟಿ ನೋಡಿ, ಹಿಂದಕ್ಕೆ ಸರಿಯಿತು. ರೇಣವ್ವ ಎಷ್ಟು ಹುರಿದುಂಬಿಸಿದರೂ ಇಳಿಯಲಿಲ್ಲ. ಮತ್ತೆ ತಾನೇ ತಿರುಗಿ, ಅಗಸೆಯ ಕಡೆಗೆ ನಡೆದು, ಸಂಘದ ಮುಂದಿನ ಬಯಲಿನಲ್ಲಿ ಆಚೆ ಈಚೆ ಹೊರಳಿ ಸರಿಯಾಗಿ ಹಾಸಿಕೊಂಡು ಮಲಗಿತು. ಸಂಘದ ಬೋರ್ಡು ಅದರ ನಡುವೆ ಸಿಕ್ಕಿಕೊಂಡಿತು. ಒಳಗಿದ್ದ ಸದಸ್ಯರು ಚಹಾದಂಗಡಿಗೆ ಹೋಗುವುದು ಹೇಗೆಂದು ಬಾಗಿಲಲ್ಲಿ ನಿಂತು ಕಣ್ಣು ಕಣ್ಣು ಬಿಟ್ಟರು.

"ಹಸಿ ಐತಿ, ನೋಡ್ಕೋತ ನಿಂದರಬ್ಯಾಡ್ರಿ," ಎಂದಳು ರೇಣವ್ವ. ಅಲ್ಲೇ, ಆಗಲೇ ಬಿತ್ತಿದೆವು. 

ಆ ವರ್ಷವೂ ಮಳೆ ತನ್ನ ಬುದ್ಧಿ ಬಿಡಲಿಲ್ಲ. ಒಮ್ಮೆ ಬಂದದ್ದು ಮತ್ತೆ ಮುಖ ತೋರಿಸಲಿಲ್ಲ. ಸಂಘದವರ ಗೋವಿನಜೋಳ ಮೊಣಕಾಲೆತ್ತರಕ್ಕೆ ಬಂದು ಸೊರಗಿ ನಿಂತಿತು. ನಮ್ಮ ಜೋಳವೂ ಹೋಯಿತು, ಸುಳ್ಳು ಯಾಕೆ ಹೇಳಲಿ. ನವಣೆ ಅರ್ಧ ಬಂತು, ಮಡಕಿ ಪೂರಾ ಬಂತು. ತೊಗರಿ ಬೋರ್ಡಿಗಿಂತ ಎತ್ತರ ಬೆಳೆದು, ಈಗ ಅದರ ಮೇಲೆ "ಪ್ರಗತಿ" ಎಂಬಷ್ಟು ಮಾತ್ರ ಕಾಣುತ್ತದೆ. ಹೊಂಡದ ನೀರನ್ನು ಊರ ಹೆಂಗಸರು ಕೊಡದಲ್ಲಿ ಹೊತ್ತು ತಂತಮ್ಮ ಪಲ್ಯದ ಮಡಿಗೆ ಹಾಕಿದರು, ದನಗಳು ಕುಡಿದವು. ಊರಲ್ಲಿ ಯಾರ ಒಲೆಯೂ ಆರಲಿಲ್ಲ. ಸಾಹೇಬರು ಮತ್ತೆ ಬಂದು ಹೊಂಡಕ್ಕೂ ಒಂದು ಹಾರ ಹಾಕಿ ಹೋದರು. ಉತಾರದಲ್ಲಿ ಹೆಸರು ಏರಿಸುವುದಕ್ಕೆ ಕಚೇರಿಯವರು, ಹೊಲ ಇದ್ದ ಜಾಗದಲ್ಲಿ ಹೊಲ ಇಲ್ಲವಲ್ಲ ಎಂದು ತಕರಾರು ತೆಗೆದರು. ರೇಣವ್ವ ಹೊಲವನ್ನೇ ಕರೆದುಕೊಂಡು ಕಚೇರಿಯ ಬಾಗಿಲಿಗೆ ಹೋದಳು. ಕೆಲಸ ಕೂಡಲೇ ಆಯಿತು.

ದ್ಯಾಮಣ್ಣ ಕಳೆ ಕೀಳಲು ಬಂದ. ಮೊದಲ ದಿನ ಕಳೆಗಿಂತ ನವಣೆಯನ್ನೇ ಹೆಚ್ಚು ಕಿತ್ತ. ಬೈಸಿಕೊಂಡ. ಸೊಂಟ ಹಿಡಿದು ಮಲಗಿದ, ಎದ್ದ, ಮತ್ತೆ ಬಂದ. ಸದಸ್ಯರು ಬಾಗಿಲಲ್ಲಿ ಕೂತು ನಗುತ್ತಿದ್ದರು. ಅವನ ಅಂಗಿಗೆ ಮಣ್ಣು ಹತ್ತತೊಡಗಿತು. ಊಟಕ್ಕೆ ಬಂದಾಗ ಮಾತು ಕಡಿಮೆ, ರೊಟ್ಟಿ ಜಾಸ್ತಿ.

ತೊಗರಿ ಹೂ ಬಿಟ್ಟ ಮೇಲೆ ಒಂದು ದಿನ ಅವನು ಸಂತೆಗೆ ಹೋಗಿದ್ದ. ನಾನು ಕಟ್ಟೆಯ ಮೇಲೆ ಮಡಕಿ ಹಸನು ಮಾಡುತ್ತಿದ್ದೆ. ಹೋದವನು ಅರ್ಧ ಹಾದಿಗೇ ಓಡೋಡಿ ವಾಪಸು ಬಂದ. ಎರಡೂ ಕೈಯಲ್ಲಿ ಟವೆಲ್ಲಿನ ಗಂಟು. ಉಸಿರು ಸಿಕ್ಕುತ್ತಿರಲಿಲ್ಲ.

"ಯವ್ವಾ, ಅಗಸಿ ದಾಟಿ ಸುಮ್ಮನ ತಿರುಗಿ ನೋಡೀನಿ... ಬರಾಕತ್ತಿತ್ತು."

ಟವೆಲ್ಲು ಬಿಚ್ಚಿದ. ಒಳಗೆ ಮಣ್ಣಿನ ಒಂದು ಹೆಂಟೆ. ಹೂರಣದ ಕಡುಬಿನಷ್ಟು ಇದ್ದೀತು, ಅದಕ್ಕಿಂತ ದೊಡ್ಡದಿಲ್ಲ. ಹಾದಿಯಲ್ಲಿ ಉರುಳಿ ಬಂದು ಒಂದು ಮಗ್ಗುಲು ಸವೆದಿತ್ತು. ಅವನ ಕಣ್ಣಲ್ಲಿ ನೀರಿತ್ತು. ನನಗೆ ನಗುವೂ ಬಂತು, ಅಳುವೂ ಬಂತು, ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯಲಿಲ್ಲ. ರೇಣವ್ವ ಹೊರಗೆ ಬಂದು ಹೆಂಟೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಖರೇನ ನಿಮ್ಮದ ಐತಿ," ಎಂದಳು. "ಬಿಸಿಲಿಗೆ ಒಡದೀತು, ಹೊಲದಾಗ ಬಿಡ್ರಿ."

ಅಂದಿನಿಂದ ದ್ಯಾಮಣ್ಣ ಊರು ಬಿಟ್ಟು ಎಲ್ಲಿಗೆ ಹೊರಟರೂ ಮೊದಲು ಹೊಲಕ್ಕೆ ಹೋಗುತ್ತಾನೆ. ಆ ಹೆಂಟೆಯ ಪಕ್ಕದಲ್ಲಿ ಗೇಣುದ್ದದ ಒಂದು ಕಡ್ಡಿ ನೆಟ್ಟಿದ್ದಾನೆ. ಅದಕ್ಕೆ ತನ್ನ ಕರವಸ್ತ್ರವನ್ನು ಅಂಗಿಯ ಹಾಗೆ ತೊಡಿಸಿ, ಅತ್ತ ಇತ್ತ ನೋಡಿ, ಹೆಂಟೆಗೆ ಕೇಳಿಸುವ ಹಾಗೆ ಒಮ್ಮೆ ಕೆಮ್ಮಿ, ಸದ್ದಿಲ್ಲದೆ ಬದು ಇಳಿದು ಹೋಗುತ್ತಾನೆ.